ಕೆಳಗಿನಿಂದ ಎರಡನೇ ಹಲಗೆ

ಮೂವತ್ತೊಂದು ವರ್ಷ ಕೋಡಿಬಾಗದ ಪ್ರಯೋಗಾಲಯದಲ್ಲಿ
ಫಾರ್ಮಲಿನ್ ಜಾಡಿಗಳ ಮುಚ್ಚಳ ತೆಗೆದು ಹಾಕಿದವನು ನಾನು.
ಏಡಿ, ಕಡಲಸೌತೆ, ಹೆಸರಿಡದ ಹುಳು,
ಎಲ್ಲಕ್ಕೂ ಒಂದೇ ವಾಸನೆ.
ಇಂಥ ಮೂಗು ಇಟ್ಟುಕೊಂಡು
ವೈನಿನ ಮಾತಾಡುತ್ತೀರಲ್ಲ ಎಂದು
ರುಕ್ಮಾ ನಗುತ್ತಾಳೆ. ನಗಲಿ.

ಬಾಟಲಿಯ ಬೆನ್ನಿಗೆ ಬರೆದಿರುತ್ತಾರೆ:
ಪ್ಲಮ್ಮು, ಚರ್ಮ, ಹೊಗೆಸೊಪ್ಪು, ಓಕ್ ಮರ.
ಪ್ಲಮ್ಮು ತಿಂದದ್ದು ಒಂದೇ ಸಲ, ಹುಬ್ಬಳ್ಳಿಯಲ್ಲಿ. ಹುಳಿ ಇತ್ತು.
ಓಕ್ ಮರ ಕಂಡವನಲ್ಲ.
ನನಗೆ ಸಿಕ್ಕಿದ್ದು ಬೇರೆ:
ಬಿಸಿಲಿಗಿಟ್ಟ ಮುರುಗಲ ಸಿಪ್ಪೆಯ ಮೂರನೇ ದಿನ,
ಬೈತಖೋಲ ಬಂದರಿನಲ್ಲಿ ಆರಿದ ಹಗ್ಗ,
ಸ್ಲೇಟು ನೆಕ್ಕಿದ ನಾಲಿಗೆ,
ನೇರಳೆ ತಿಂದ ಕೈ ಅಂಗಿಗೆ ಒರೆಸಿ
ಏಟು ತಿಂದ ಒಂದು ಮಧ್ಯಾಹ್ನ.

ಕಲಿಸಿದವನು ಇನಾಸ್.
ಕಾಳಿಯ ಸೇತುವೆ ದಾಟಿದರೆ ಅವನ ಮನೆ.
ಕ್ರಿಸ್‌ಮಸ್ಸಿಗೆ ಆರು ವಾರ ಮೊದಲೇ
ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ
ಉಪ್ಪಿನಕಾಯಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ,
ಅವನ ತಾಯಿ ದಿನಕ್ಕೊಮ್ಮೆ ಮರದ ಸೌಟಿನಲ್ಲಿ ತಿರುವುತ್ತ
‘ಎಡಕ್ಕೆ ತಿರುವಬೇಡ, ಸಿಟ್ಟಾಗುತ್ತದೆ’ ಎನ್ನುತ್ತಿದ್ದಳು.
ಯಾರಿಗೆ ಸಿಟ್ಟು, ದ್ರಾಕ್ಷಿಗೋ ದೇವರಿಗೋ,
ಕೇಳಬೇಕೆಂದಿದ್ದೆ.
ಎರಡನೇ ಲೋಟದ ಹೊತ್ತಿಗೆ ಮರೆತೆ.

ಈಗ ತಿಂಗಳಿಗೊಂದು ಬಾಟಲಿ, ನಾನ್ನೂರರೊಳಗೆ.
ಇದು ನನಗೂ ರುಕ್ಮಾಗೂ ಆದ ಒಪ್ಪಂದ,
ಗ್ಯಾಸ್ ಪುಸ್ತಕದ ಹಿಂದಿನ ಪುಟದಲ್ಲಿ, ಪೆನ್ಸಿಲಿನಲ್ಲಿ.
ಅಂಗಡಿಯಲ್ಲಿ ಮೇಲಿನ ಹಲಗೆಗೆ ಕತ್ತೆತ್ತುವುದಿಲ್ಲ,
ನೋಯುತ್ತದೆ.
ತೀರ ಕೆಳಗಿನದು ಕೆಮ್ಮಿನ ಔಷಧದ ತಮ್ಮ.
ಕೆಳಗಿನಿಂದ ಎರಡನೆಯದರಲ್ಲಿ ಕೂತಿರುತ್ತವೆ
ಧೂಳು ಹಿಡಿದು, ಮದುವೆಗೆ ಕರೆಯಲು ಮರೆತ ನೆಂಟರ ಹಾಗೆ
ನಾಸಿಕದ ಕೆಂಪು, ವಿಜಯಪುರದ ಬಿಳಿ,
ಚಿನ್ನದ ಅಕ್ಷರವಿಲ್ಲದವು, ತಿರುಪು ಮುಚ್ಚಳದವು.
ಗುರುದಾಸ ಕುತ್ತಿಗೆ ಒರೆಸಿ ಕೊಡುತ್ತ
‘ಇದನ್ನ ಯಾರೂ ಕೇಳೋದೇ ಇಲ್ಲ’ ಎಂದರೆ
ನನಗೆ ಅದೇ ಶಿಫಾರಸು.

ತಪ್ಪಿದವೂ ಉಂಟು. ಅವನ್ನೂ ಬರೆದಿಟ್ಟಿದ್ದೇನೆ.
ಬಾಂಗಡೆ ಸಾರಿಗೆ ಕೆಂಪು: ಬಾಯ್ತುಂಬ ತುಕ್ಕಿನ ಮೊಳೆ.
ರವೆ ಹಚ್ಚಿ ಹುರಿದ ನೋಗಲಿಗೆ ತಣ್ಣನೆ ಬಿಳಿ:
ಪಕ್ಕದಲ್ಲಿ ಏನೂ ಬರೆದಿಲ್ಲ, ಎಣ್ಣೆಯ ಬೆರಳಿನ ಗುರುತಿದೆ.
ಗುಲಾಬಿ ಬಣ್ಣದ್ದಕ್ಕೆ ರುಕ್ಮಾ
ಒಂದು ಹರಳು ಉಪ್ಪು ಹಾಕುತ್ತಾಳೆ.
ತಿಳಿದವರು ಕಂಡರೆ ಬೈದಾರು.
ತಿಳಿದವರು ನಮ್ಮ ಮನೆಗೆ ಬರುವುದಿಲ್ಲ.

ನಿವೃತ್ತಿಯ ದಿನ ವಿಭಾಗದವರು ಒಂದು ಬಾಟಲಿ ಕೊಟ್ಟರು,
ಶಾಲಿನಲ್ಲಿ ಸುತ್ತಿ, ಹಣ್ಣಿನ ಬುಟ್ಟಿಯ ಅಡಿಗೆ.
ಇಟಲಿಯದು. ಬೆಲೆಯ ಚೀಟಿ ಕಿತ್ತಿದ್ದರು;
ಹರಿದ ಅಂಚಿನಲ್ಲಿ ಎರಡು ಸೊನ್ನೆ ಇಣುಕುತ್ತಿದ್ದವು.
ಕಾರ್ಕಿಗೆ ಇನಾಸ್ ಸ್ಕ್ರೂ ಇಳಿಸಿ ಇಕ್ಕಳದಿಂದ ಎಳೆದ.
ಅವತ್ತು ಸ್ಟೀಲ್ ಲೋಟ ಬೇಡವೆನಿಸಿ
ಲ್ಯಾಬಿನಿಂದ ಬಂದಿದ್ದ ಹಳೆ ಬೀಕರು ಮೂರು ತೊಳೆದೆವು.
ದುಡ್ಡಿನವರ ಮರುಳು ಎಂದು ನಗಲು
ಮೂವರೂ ತಯಾರಾಗಿ ಕೂತಿದ್ದೆವು.

ಚೆನ್ನಾಗಿತ್ತು.

ನುಂಗಿದ ಮೇಲೂ ಬಹಳ ಹೊತ್ತು ಹೋಗಲಿಲ್ಲ.
ಕಡಲು ಸೇರಿದ ಮೇಲೂ ಕಾಳಿ ಒಂದಷ್ಟು ದೂರ
ಕಂದು ಗೆರೆಯಾಗಿ ತಾನೇ ಆಗಿರುತ್ತಾಳಲ್ಲ, ಹಾಗೆ.
ಯಾರೂ ಮಾತಾಡಲಿಲ್ಲ.
ಇನಾಸ್ ಕಾರ್ಕನ್ನು ಜೇಬಿಗೆ ಹಾಕಿಕೊಂಡು ಎದ್ದುಹೋದ.

ಮುಂದಿನ ತಿಂಗಳಿನದು ಸಪ್ಪೆ.
ಅದರ ಮುಂದಿನದೂ.
ಗುರುದಾಸನ ಮೇಲೆ ಸುಮ್ಮನೆ ರೇಗಿದೆ.
ಮೂರನೇ ತಿಂಗಳು, ಕರೆಂಟು ಹೋಗಿ
ಇಡೀ ಕಾರವಾರ ಕತ್ತಲಲ್ಲಿ ಕೂತಿದ್ದಾಗ
ರುಕ್ಮಾ ತಡಕಾಡಿ, ಸ್ಟೀಲ್ ಲೋಟಕ್ಕೇ ಸುರಿದಳು.
ಏನು ಸಿಕ್ಕಿತು, ಕೇಳಿದೆ.
‘ಹಗ್ಗ’ ಎಂದಳು. ಇನ್ನೊಂದು ಗುಟುಕು.
‘ಒದ್ದೆಯದಲ್ಲ. ಆರಿದ್ದು.’

ಮುನ್ನೂರ ಎಂಬತ್ತೈದು ರೂಪಾಯಿ.
ಬರೆದಿಡೋಣವೆಂದು ಪೆನ್ಸಿಲಿಗೆ ಕೈಯಾಡಿಸಿದೆ,
ಲೋಟ ತಗುಲಿತು.